‘ಗಾಳಿ ಸೋಕಿದೆ’ ಎಂದರೇನು? ಗಾಳಿಯಲ್ಲಿ ಇದ್ದಾರೆಂದು ಜನ ನಂಬಿದವರ ಕಥೆ

ಬೇಸಿಗೆ ಬಂತೆಂದರೆ ಮೊಬೈಲಿಗೆ ಒಂದು ವಿಡಿಯೊ ಬಂದೇ ಬರುತ್ತದೆ. ಯಾವುದೋ ಶಾಲೆಯ ಮೈದಾನ, ಮಟಮಟ ಮಧ್ಯಾಹ್ನ. ಇದ್ದಕ್ಕಿದ್ದಂತೆ ನೆಲದ ಧೂಳು ಗಿರ್ರನೆ ಸುತ್ತುತ್ತಾ ಮೇಲೇಳುತ್ತದೆ. ಒಣಗಿದ ಹೊಂಗೆ ಎಲೆ, ಬಿಸ್ಕತ್ತಿನ ಕಾಗದ, ಹಾಲಿನ ಕವರು ಎಲ್ಲವೂ ಅದರ ಜೊತೆ ಕುಣಿಯುತ್ತವೆ. ಹಿಂದಿನಿಂದ ಯಾರೋ ‘ದೆವ್ವದ ಗಾಳಿ, ಓಡ್ರೋ’ ಎಂದು ಕೂಗುತ್ತಾರೆ.

ಈ ಸಲ ಆ ವಿಡಿಯೊ ನಮ್ಮ ಮನೆಯವರ ಗುಂಪಿಗೆ ಬಂದಾಗ ತಂಗಿಯ ಮಗ ಪಕ್ಕದಲ್ಲೇ ಇದ್ದ. ಹತ್ತು ವರ್ಷದ ಹುಡುಗ. ‘ಮಾವ, ಇದು ನಿಜವಾಗ್ಲೂ ದೆವ್ವಾನಾ?’ ಎಂದ. ನಾನು ಬಾಯಿ ತೆರೆಯುವ ಮುಂಚೆ ನಮ್ಮಮ್ಮ ಒಳಗಿಂದಲೇ, ‘ಅದರ ಮಧ್ಯ ಹೋಗಬಾರದು ಕಣೋ, ಗಾಳಿ ಸೋಕುತ್ತೆ’ ಎಂದರು. ಹುಡುಗ ಇನ್ನೂ ಗೊಂದಲಕ್ಕೆ ಬಿದ್ದ. ‘ಗಾಳಿ ಸೋಕೋದು ಅಂದ್ರೆ? ಫ್ಯಾನ್ ಗಾಳಿನೂ ಸೋಕುತ್ತಲ್ವಾ?’

ಅವನ ಪ್ರಶ್ನೆ ಸರಿಯಾಗೇ ಇತ್ತು. ಒಂದೇ ಪದ ಫ್ಯಾನಿನಿಂದ ಬರುವುದಕ್ಕೂ ಆಗುತ್ತದೆ, ದೆವ್ವಕ್ಕೂ ಆಗುತ್ತದೆ. ಇದು ಹೇಗೆ ಆಯಿತು? ಬೇರೆ ಊರು, ಬೇರೆ ದೇಶದ ಜನರೂ ಹೀಗೇ ಯೋಚಿಸಿದರಾ? ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ.

ಉಸಿರು, ಗಾಳಿ, ಜೀವ: ಒಂದೇ ಪದದ ಮಕ್ಕಳು

ಒಬ್ಬ ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂದು ನೋಡಲು ಹಿಂದಿನವರು ಏನು ಮಾಡುತ್ತಿದ್ದರು? ಮೂಗಿನ ಹತ್ತಿರ ಬೆರಳಿಡುತ್ತಿದ್ದರು. ಗಾಳಿ ಆಡುತ್ತಿದ್ದರೆ ಜೀವ ಇದೆ, ಆಡದಿದ್ದರೆ ಇಲ್ಲ. ಅಂದಮೇಲೆ ಜೀವ ಎಂದರೆ ಒಳಗೆ ಓಡಾಡುವ ಗಾಳಿ ಎಂದುಕೊಳ್ಳುವುದು ಸಹಜವೇ ಅಲ್ವಾ? ಹಾಗೆ ಅಂದುಕೊಂಡವರು ನಾವು ಮಾತ್ರ ಅಲ್ಲ.

ನಾವು ‘ಅಡುಗೆ ಅನಿಲ’ ಎನ್ನುತ್ತೇವಲ್ಲ, ಆ ‘ಅನಿಲ’ ಪದವನ್ನೇ ನೋಡಿ. ಸಂಸ್ಕೃತದಲ್ಲಿ ಅದರ ಅರ್ಥ ಗಾಳಿ. ಬೇರು ‘ಅನ್’, ಅಂದರೆ ಉಸಿರಾಡು. ‘ಪ್ರಾಣ’ದಲ್ಲಿ ಇರುವುದೂ ಇದೇ ಬೇರು. ಗ್ರೀಕ್ ಭಾಷೆಯಲ್ಲಿ ಗಾಳಿಗೆ ಇರುವ ‘ಅನೆಮೊಸ್’, ಲ್ಯಾಟಿನ್‌ನಲ್ಲಿ ಆತ್ಮಕ್ಕೆ ಇರುವ ‘ಅನಿಮಾ’ ಎರಡೂ ಇದರ ಸೋದರ ಪದಗಳು. ಇಂಗ್ಲಿಷಿನ ‘ಸ್ಪಿರಿಟ್’ ಬಂದದ್ದು ಲ್ಯಾಟಿನ್‌ನ ಉಸಿರಾಡು ಎಂಬ ಪದದಿಂದ. ಅರಬ್ಬಿಯಲ್ಲಿ ‘ರೀಹ್’ ಎಂದರೆ ಗಾಳಿ, ‘ರೂಹ್’ ಎಂದರೆ ಆತ್ಮ. ಎರಡಕ್ಕೂ ಬೇರು ಒಂದೇ.

ಕನ್ನಡದಲ್ಲೂ ‘ಉಸಿರು ಹೋಯಿತು’ ಎಂದರೆ ಜೀವ ಹೋಯಿತು ಎಂದೇ ಅರ್ಥ. ಹಾಗಾದರೆ ಮುಂದಿನ ಪ್ರಶ್ನೆ ತಾನಾಗೇ ಹುಟ್ಟುತ್ತದೆ. ಮೈಯಿಂದ ಹೊರಗೆ ಹೋದ ಆ ಗಾಳಿ ಎಲ್ಲಿಗೆ ಹೋಗುತ್ತದೆ? ಹೊರಗಿನ ಗಾಳಿಗೆ ಸೇರಿಕೊಂಡರೆ, ಆ ಗಾಳಿಯಲ್ಲಿ ಯಾರೋ ಇದ್ದಾರೆ ಎಂದಾಗಲಿಲ್ಲವೇ? ‘ಗಾಳಿ’ ಎಂಬ ಪದ ದೆವ್ವಕ್ಕೂ ಅಂಟಿಕೊಂಡಿದ್ದು ಈ ದಾರಿಯಲ್ಲೇ ಎಂದು ನನಗನಿಸುತ್ತದೆ.

ಮುಂದೆ ಹೋಗುವ ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ‘ಗಾಳಿಯ ಶಕ್ತಿಗಳು’ ಎಂದಾಗ ಜನ ಬೇರೆ ಬೇರೆ ತರಹದವನ್ನು ಒಟ್ಟಿಗೆ ಸೇರಿಸಿಬಿಡುತ್ತಾರೆ. ಹೊಳೆಯ ಹೋಲಿಕೆ ತೆಗೆದುಕೊಳ್ಳಿ. ಹೊಳೆಯನ್ನೇ ಗಂಗಮ್ಮ ಎಂದು ಪೂಜಿಸುತ್ತೇವೆ. ಹೊಳೆಯಲ್ಲಿ ಮೀನು ಬದುಕುತ್ತದೆ. ಇನ್ನು ಹೊಳೆಯಲ್ಲಿ ತೇಲಿಬಂದು ಈಜುವವರ ಕಾಲಿಗೆ ಸುತ್ತಿಕೊಳ್ಳುವ ಬಳ್ಳಿಯೂ ಇರುತ್ತದೆ. ಗಾಳಿಯಲ್ಲೂ ಹಾಗೇ. ಗಾಳಿಯೇ ದೇವರಾದದ್ದು ವಾಯು. ಗಾಳಿಯಲ್ಲಿ ಮನೆ ಮಾಡಿಕೊಂಡವರು ಗಂಧರ್ವರಂಥವರು. ಗಾಳಿಯ ಜೊತೆ ಬಂದು ಮನುಷ್ಯರಿಗೆ ಅಂಟಿಕೊಳ್ಳುವುದು ಅಮ್ಮ ಹೇಳಿದ ಆ ‘ಗಾಳಿ’.

ಸದ್ದು ಕೇಳುತ್ತದೆ, ರೂಪ ಕಾಣುವುದಿಲ್ಲ

ಋಗ್ವೇದದ ಹತ್ತನೇ ಮಂಡಲದಲ್ಲಿ ಗಾಳಿಯ ಮೇಲೊಂದು ಪುಟ್ಟ ಸೂಕ್ತ ಇದೆ, 168ನೆಯದು. ಬರೀ ನಾಲ್ಕು ಮಂತ್ರ. ಅದರ ಕೊನೆಯಲ್ಲಿ ಒಂದು ಮಾತು ಬರುತ್ತದೆ: ‘ಘೋಷಾ ಇದಸ್ಯ ಶೃಣ್ವಿರೇ ನ ರೂಪಂ’. ಇವನ ಸದ್ದು ಮಾತ್ರ ಕೇಳುತ್ತದೆ, ರೂಪ ಕಾಣುವುದಿಲ್ಲ. ಗಾಳಿಯ ಬಗ್ಗೆ ಇಷ್ಟು ಸರಳವಾಗಿ, ಇಷ್ಟು ಸರಿಯಾಗಿ ಬೇರೆ ಯಾರೂ ಹೇಳಿಲ್ಲ ಎಂದು ನನಗೆ ಅನಿಸುತ್ತದೆ. ಬೆಂಕಿ ಕಾಣುತ್ತದೆ, ನೀರು ಕಾಣುತ್ತದೆ, ಮಣ್ಣು ಕೈಗೆ ಸಿಗುತ್ತದೆ. ಗಾಳಿ ಮಾತ್ರ ತನ್ನ ಮುಖ ತೋರಿಸದೆ ಮರ ಅಲ್ಲಾಡಿಸಿ, ಬಾಗಿಲು ಬಡಿದು ಹೋಗುತ್ತದೆ. ಯಾರೋ ಬಂದು ಹೋದ ಹಾಗೆ.

ವೇದದ ಕಾಲದವರು ಬೀಸುವ ಗಾಳಿಗೆ ವಾತ, ವಾಯು ಎಂದರು. ಗುಂಪಾಗಿ ನುಗ್ಗಿ ಮಳೆ ಗುಡುಗು ತರುವ ಬಿರುಗಾಳಿಗಳಿಗೆ ಮರುತ್ತುಗಳು ಎಂದರು. ಋಗ್ವೇದದಲ್ಲಿ ಇವರು ರುದ್ರನ ಮಕ್ಕಳು. ಆಮೇಲೆ ಬಂದ ಕಥೆಯಲ್ಲಿ ಇವರು ದಿತಿಯ ಹೊಟ್ಟೆಯಲ್ಲಿದ್ದ ಒಂದೇ ಕೂಸು. ಆ ಕೂಸು ಹುಟ್ಟಿದರೆ ತನಗೆ ಗಂಡಾಂತರ ಎಂದು ಇಂದ್ರ ಗರ್ಭದಲ್ಲೇ ಅದನ್ನು ತುಂಡು ಮಾಡಿದ. ಅದು ಅತ್ತಿತು. ಇಂದ್ರ ‘ಮಾ ರುದಃ’, ಅಳಬೇಡ ಎಂದ. ಅದರಿಂದಲೇ ‘ಮರುತ್’ ಎಂಬ ಹೆಸರು ಬಂತು ಎಂದು ಪುರಾಣ ಹೇಳುತ್ತದೆ. ಏಳು ತುಂಡು ಮತ್ತೆ ಏಳೇಳಾಗಿ 49 ಮರುತ್ತುಗಳಾದರು.

ಇವರನ್ನೆಲ್ಲ ನಾವು ಮರೆತಿಲ್ಲ, ಶಾಲೆಯ ಭೂಗೋಳದ ಪುಸ್ತಕಕ್ಕೆ ಸೇರಿಸಿಕೊಂಡಿದ್ದೇವೆ. ‘ನೈಋತ್ಯ ಮಾರುತ’ ಎಂದು ಮುಂಗಾರನ್ನು ಓದುತ್ತೇವಲ್ಲ, ಅದರಲ್ಲಿ ನೈಋತ್ಯ ಎಂದರೆ ನಿರ್ಋತಿ ಎಂಬ ದೇವತೆಯ ದಿಕ್ಕು, ಮಾರುತ ಎಂದರೆ ಮರುತ್ತು. ಹವಾಮಾನ ವರದಿ ಓದುವವರು ದಿನಾ ಎರಡು ದೇವತೆಗಳ ಹೆಸರು ಹೇಳುತ್ತಿದ್ದಾರೆ. ಹಾಗೇ ವಾಯುವಿನ ದಿಕ್ಕು ವಾಯವ್ಯ. ಹಳೆಯ ಗುಡಿಗಳ ನವರಂಗದ ಮೇಲ್ಛಾವಣಿಯಲ್ಲಿ ಎಂಟು ದಿಕ್ಕಿನ ದೇವತೆಗಳನ್ನು ಕೆತ್ತಿರುತ್ತಾರೆ. ಮುಂದಿನ ಸಲ ಹೋದಾಗ ಕತ್ತೆತ್ತಿ ವಾಯವ್ಯ ಮೂಲೆ ನೋಡಿ. ಜಿಂಕೆಯ ಮೇಲೆ ಕೂತವನು ಕಂಡರೆ ಅವನೇ ವಾಯು. ಕೈಯಲ್ಲಿ ಬಾವುಟವೂ ಇರಬಹುದು. ಗಾಳಿಗೆ ರೂಪ ಇಲ್ಲ, ಆದರೆ ಬಾವುಟ ಹಾರಿದರೆ ಗಾಳಿ ಇದೆ ಎಂದು ಗೊತ್ತಾಗುತ್ತದೆ.

ವಾಯು ಹೊರಗೆ ಮಾತ್ರ ಬೀಸುವವನಲ್ಲ, ಮೈಯೊಳಗೂ ಇದ್ದಾನೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಇದಕ್ಕೊಂದು ಚಂದದ ಕಥೆ ಇದೆ. ಮಾತು, ಕಣ್ಣು, ಕಿವಿ, ಮನಸ್ಸು, ಪ್ರಾಣ ಇವುಗಳಿಗೆ ನಮ್ಮಲ್ಲಿ ಯಾರು ದೊಡ್ಡವರು ಎಂದು ಜಗಳ ಬಿತ್ತು. ಯಾರು ಬಿಟ್ಟುಹೋದರೆ ಮೈ ತೀರಾ ಕೆಡುತ್ತದೋ ಅವರೇ ದೊಡ್ಡವರು ಎಂದು ತೀರ್ಮಾನ. ಮಾತು ಒಂದು ವರ್ಷ ಹೊರಗೆ ಹೋಯಿತು. ಮನುಷ್ಯ ಮೂಕನಾಗಿ ಬದುಕಿದ. ಕಣ್ಣು ಹೋಯಿತು, ಕುರುಡನಾಗಿ ಬದುಕಿದ. ಕಿವಿ ಹೋಯಿತು, ಮನಸ್ಸು ಹೋಯಿತು, ಆಗಲೂ ಹೇಗೋ ಬದುಕಿದ. ಕೊನೆಗೆ ಪ್ರಾಣ ಹೊರಡಲು ಎದ್ದಿತು ಅಷ್ಟೇ. ಒಳ್ಳೇ ಕುದುರೆ ಕಟ್ಟಿಹಾಕಿದ ಗೂಟಗಳನ್ನೆಲ್ಲ ಕಿತ್ತುಕೊಂಡು ಹೊರಟ ಹಾಗೆ ಉಳಿದವರೆಲ್ಲ ಬುಡಸಮೇತ ಕಿತ್ತುಬಂದರು. ‘ಬಿಟ್ಟು ಹೋಗಬೇಡ, ನೀನೇ ದೊಡ್ಡವನು’ ಎಂದರು.

ಉಡುಪಿ ಕಡೆ ಹನುಮಂತನನ್ನು ‘ಮುಖ್ಯಪ್ರಾಣ’ ಎಂದು ಕರೆಯುವುದರ ಹಿಂದೆ ಇರುವುದು ಇದೇ ವಿಚಾರ. ಹನುಮ, ಭೀಮ, ಮಧ್ವ ಮೂವರೂ ವಾಯುವಿನ ಅವತಾರ ಎಂದು ಮಾಧ್ವರು ನಂಬುತ್ತಾರೆ. ಮಧ್ವಾಚಾರ್ಯರು ಹುಟ್ಟಿದ ಪಾಜಕ ಕ್ಷೇತ್ರ ಉಡುಪಿಯ ಹತ್ತಿರವೇ ಇದೆ. ಬೆಂಗಳೂರಿನವರಿಗೆ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಗೊತ್ತೇ ಇದೆ. ಗಾಳಿ ಸೋಕಿದ ಮಕ್ಕಳನ್ನು ಜನ ಆಂಜನೇಯನ ಗುಡಿಗೆ ಕರೆದುಕೊಂಡು ಹೋಗಿ ತಾಯತ ಕಟ್ಟಿಸುವುದು ನಮ್ಮಲ್ಲಿ ಹಳೆಯ ರೂಢಿ. ಗಾಳಿಯ ಕಾಟಕ್ಕೆ ಗಾಳಿಯ ಮಗನೇ ಕಾವಲು.

ಅಥೆನ್ಸ್ ಊರಿನ ಅಳಿಯ

ಗ್ರೀಕರು ಗಾಳಿಗೆ ದಿಕ್ಕಿನ ಲೆಕ್ಕದಲ್ಲಿ ಹೆಸರಿಟ್ಟರು. ಉತ್ತರದಿಂದ ಬೀಸುವ ಚಳಿಗಾಳಿ ಬೊರಿಯಾಸ್. ಪಶ್ಚಿಮದ ಮೆದುಗಾಳಿ ಜೆಫಿರಸ್. ದಕ್ಷಿಣದ್ದು ನೊಟಸ್.

ಇವರಲ್ಲಿ ಬೊರಿಯಾಸ್ ಕಥೆ ನನಗೆ ತುಂಬಾ ಇಷ್ಟ. ಅವನು ಅಥೆನ್ಸ್ ರಾಜನ ಮಗಳು ಒರಿಥಿಯಾಳನ್ನು ನದಿಯ ದಡದಿಂದ ಹೊತ್ತುಕೊಂಡು ಹೋಗಿ ಮದುವೆಯಾದ. ಅಂದರೆ ಸಂಬಂಧದಲ್ಲಿ ಅವನು ಅಥೆನ್ಸ್ ಊರಿಗೇ ಅಳಿಯ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯಾದ ದೊಡ್ಡ ನೌಕಾಪಡೆ ಗ್ರೀಸ್ ಮೇಲೆ ಬಂತು. ‘ನಿಮ್ಮ ಅಳಿಯನ ಸಹಾಯ ಕೇಳಿ’ ಎಂದು ಅಥೆನ್ಸಿನವರಿಗೆ ದೈವವಾಣಿ ಆಗಿತ್ತು. ಅವರು ಬೊರಿಯಾಸ್‌ಗೆ ಹರಕೆ ಹೊತ್ತರು. ಸಮುದ್ರದಲ್ಲಿ ಮೂರು ದಿನ ಬಿರುಗಾಳಿ ಎದ್ದು, ಕಡಿಮೆ ಎಂದರೂ 400 ಹಡಗು ಒಡೆದವು ಎಂದು ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಗೆದ್ದ ಅಥೆನ್ಸಿನವರು ಇಲಿಸಸ್ ನದಿಯ ಪಕ್ಕ ಅಳಿಯನಿಗೆ ಗುಡಿ ಕಟ್ಟಿದರು.

ಇದೇ ಹೆರೊಡೊಟಸ್ ಇನ್ನೊಂದು ಮಾತನ್ನೂ ಸೇರಿಸುತ್ತಾನೆ. ಪರ್ಷಿಯಾದ ಪುರೋಹಿತರು ಬಲಿ ಕೊಟ್ಟು, ಮಂತ್ರ ಹೇಳಿ ನಾಲ್ಕನೇ ದಿನ ಗಾಳಿಯನ್ನು ನಿಲ್ಲಿಸಿದರಂತೆ. ಇಲ್ಲವೇ ಅದು ತಾನಾಗೇ ನಿಂತಿರಲೂಬಹುದು ಎನ್ನುತ್ತಾನೆ. ಸುಮಾರು 2,400 ವರ್ಷದ ಹಿಂದೆ ಕೂತು ಬರೆದವನು ಎರಡು ಸಾಧ್ಯತೆಯನ್ನೂ ಓದುಗರ ಮುಂದೆ ಇಟ್ಟಿದ್ದು ದೊಡ್ಡ ಮಾತು.

ಅಥೆನ್ಸ್‌ನಲ್ಲಿ ಇವತ್ತಿಗೂ ಗಾಳಿಗಳ ಗೋಪುರ ಎಂಬ ಅಮೃತಶಿಲೆಯ ಕಟ್ಟಡ ನಿಂತಿದೆ. ಎಂಟು ಮೂಲೆ, ಎಂಟು ಗೋಡೆ, ಒಂದೊಂದು ಗೋಡೆಯ ಮೇಲೆ ಒಂದೊಂದು ಗಾಳಿ. ಎಲ್ಲರಿಗೂ ರೆಕ್ಕೆ ಇದೆ, ಆದರೆ ಯಾರು ಯಾವ ಗಾಳಿ ಎಂದು ಕೈಯಲ್ಲಿರುವ ಸಾಮಾನು ನೋಡಿ ಹೇಳಬಹುದು. ಮಳೆ ತರುವ ನೊಟಸ್ ಕೊಡ ಬೋರಲು ಹಿಡಿದಿದ್ದಾನೆ. ಜೆಫಿರಸ್ ಉಡಿಯಲ್ಲಿ ಹೂವು. ಈಶಾನ್ಯದ ಕೈಕಿಯಾಸ್ ಆಲಿಕಲ್ಲು ಚೆಲ್ಲುತ್ತಿದ್ದಾನೆ. ಓದು ಬಾರದವನೂ ಗೋಡೆ ನೋಡಿ ಯಾವ ದಿಕ್ಕಿನ ಗಾಳಿ ಏನು ತರುತ್ತದೆ ಎಂದು ತಿಳಿದುಕೊಳ್ಳಬಹುದಿತ್ತು. ಅದು ಆ ಊರಿನ ಹವಾಮಾನ ಫಲಕ, ಜೊತೆಗೆ ಗಡಿಯಾರ. ಗೋಡೆಯ ಮೇಲೆ ನೆರಳುಗಡಿಯಾರದ ಗೆರೆಗಳೂ ಇವೆ.

ಗಾಳಿಯನ್ನು ಚೀಲದಲ್ಲಿ ಕಟ್ಟಿಡಬಹುದು ಎಂಬ ಕಲ್ಪನೆಯೂ ಗ್ರೀಕರಲ್ಲಿತ್ತು. ಗಾಳಿಗಳ ಒಡೆಯ ಇಯೊಲಸ್, ಯುದ್ಧ ಮುಗಿಸಿ ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ಗ್ರೀಕ್ ಕಥೆಯ ವೀರ ಒಡಿಸ್ಯೂಸ್‌ಗೆ ಕೆಟ್ಟ ಗಾಳಿಗಳನ್ನೆಲ್ಲ ಎತ್ತಿನ ಚರ್ಮದ ಚೀಲದಲ್ಲಿ ಕಟ್ಟಿ ಕೊಟ್ಟ. ಇನ್ನೇನು ಊರು ಕಾಣಬೇಕು, ಒಳಗೆ ಚಿನ್ನ ಇದೆ ಎಂದುಕೊಂಡ ಆಳುಗಳು ಚೀಲ ಬಿಚ್ಚಿದರು. ಹಡಗು ಮತ್ತೆ ಹೊರಟಲ್ಲಿಗೇ ಹೋಯಿತು. ಯುರೋಪಿನ ಉತ್ತರ ತುದಿಯಲ್ಲಿ ನಾವಿಕರಿಗೆ ಗಾಳಿ ಮಾರುವವರೇ ಇದ್ದರು ಎಂಬ ನಂಬಿಕೆಯೂ ಇತ್ತು. ಒಂದು ಹಗ್ಗ, ಮೂರು ಗಂಟು. ಮೊದಲ ಗಂಟು ಬಿಚ್ಚಿದರೆ ಹದವಾದ ಗಾಳಿ, ಎರಡನೆಯದಕ್ಕೆ ಜೋರು ಗಾಳಿ, ಮೂರನೆಯದಕ್ಕೆ ಬಿರುಗಾಳಿ. ಸ್ವೀಡನ್‌ನ ಒಲಾಸ್ ಮ್ಯಾಗ್ನಸ್ ಎಂಬ ಪಾದ್ರಿ 1555ರಲ್ಲಿ ಇದರ ಚಿತ್ರವನ್ನೇ ಅಚ್ಚು ಹಾಕಿಸಿದ.

ಜಪಾನಿನ ಗಾಳಿ ದೇವರು ಫೂಜಿನ್ ಕೂಡ ಹೆಗಲ ಮೇಲೆ ದೊಡ್ಡ ಚೀಲ ಹೊತ್ತೇ ಓಡುತ್ತಾನೆ. ಇದು ಸುಮ್ನೆ ಕಾಕತಾಳೀಯ ಅಲ್ಲ ಎನ್ನುವ ಕಲಾ ಇತಿಹಾಸಕಾರರಿದ್ದಾರೆ. ಅವರು ತೋರಿಸುವ ನಡುವಿನ ಕೊಂಡಿ ನಮ್ಮ ಕಡೆಯದೇ. ಕುಷಾಣ ರಾಜ ಕನಿಷ್ಕನ ನಾಣ್ಯಗಳಲ್ಲಿ ಓಡುತ್ತಿರುವ ಒಬ್ಬ ದೇವರಿದ್ದಾನೆ. ಕೂದಲು ಕೆದರಿದೆ. ಎರಡೂ ಕೈಯಲ್ಲಿ ಬಟ್ಟೆಯ ತುದಿ ಹಿಡಿದಿದ್ದಾನೆ, ಗಾಳಿ ತುಂಬಿ ಅದು ಉಬ್ಬಿದೆ. ಪಕ್ಕದಲ್ಲಿ ಗ್ರೀಕ್ ಅಕ್ಷರದಲ್ಲಿ ‘ಓಆಡೊ’ ಎಂದು ಹೆಸರು. ಅದು ನಮ್ಮ ‘ವಾತ’ ಪದದ ದಾಯಾದಿ. ಗ್ರೀಕರ ಉಬ್ಬಿದ ಮೇಲುಹೊದಿಕೆ ಗಾಂಧಾರಕ್ಕೆ ಬಂತು, ಬೌದ್ಧ ಭಿಕ್ಷುಗಳ ಹಾದಿಯಲ್ಲಿ ಮಧ್ಯ ಏಷ್ಯಾ, ಚೀನಾ ದಾಟಿತು, ಜಪಾನ್ ಮುಟ್ಟುವ ಹೊತ್ತಿಗೆ ಚೀಲವಾಯಿತು ಎನ್ನುತ್ತಾರೆ. ಕಾಣದ ಗಾಳಿಯನ್ನು ಕಲ್ಲಿನಲ್ಲಿ, ಲೋಹದಲ್ಲಿ ತೋರಿಸಬೇಕಾದವನಿಗೆ ಒಂದು ತುಂಡು ಬಟ್ಟೆ ಬೇಕೇ ಬೇಕು.

ಗಾಳಿಯ ಗುಡಿ ಹೇಗಿರಬೇಕು ಎಂದು ಮೆಕ್ಸಿಕೊದ ಅಜ್ಟೆಕ್ ಜನ ಬೇರೆ ಥರ ಯೋಚಿಸಿದರು. ಅವರ ಗಾಳಿ ದೇವರು ಎಹೆಕಾಟ್ಲ್. ಅವನ ಗುಡಿಗಳು ದುಂಡಗೆ. ಮೂಲೆ ಇದ್ದರೆ ಗಾಳಿ ತಡೆಯುತ್ತದೆ ಎಂಬುದು ಲೆಕ್ಕ. 1967ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಮೆಟ್ರೊಗಾಗಿ ಅಗೆಯುವಾಗ ಅಂಥದ್ದೊಂದು ಪುಟ್ಟ ಗುಡಿ ಸಿಕ್ಕಿತು. ಅದನ್ನು ಅಲ್ಲೇ ಉಳಿಸಿಕೊಂಡರು. ಪಿನೊ ಸುಆರೆಸ್ ನಿಲ್ದಾಣದಲ್ಲಿ ರೈಲು ಬದಲಿಸುವ ಜನ ದಿನಾ ಗಾಳಿ ದೇವರ ಗುಡಿಯ ಪಕ್ಕದಲ್ಲೇ ನಡೆದುಹೋಗುತ್ತಾರೆ.

ನಡುವಿನ ಮಹಡಿಯ ಒಕ್ಕಲುಗಳು

‘ಭೂರ್ಭುವಃ ಸ್ವಃ’ ಎನ್ನುತ್ತೇವಲ್ಲ, ಅದು ಮೂರು ಮಹಡಿಯ ಮನೆ ಇದ್ದ ಹಾಗೆ. ಕೆಳಗೆ ಭೂಮಿ, ಮೇಲೆ ಸ್ವರ್ಗ, ನಡುವೆ ಅಂತರಿಕ್ಷ. ಈಗ ನಾವು ಅಂತರಿಕ್ಷ ಎಂದರೆ ರಾಕೆಟ್ ಹೋಗುವ ಜಾಗ ಎಂದುಕೊಳ್ಳುತ್ತೇವೆ. ಹಿಂದೆ ಅದರ ಅರ್ಥ ನೆಲಕ್ಕೂ ಆಕಾಶಕ್ಕೂ ನಡುವಿನ ಗಾಳಿಯ ಜಾಗ. ಆ ಮಹಡಿಯಲ್ಲಿರುವವರೇ ಗಂಧರ್ವರು, ಅಪ್ಸರೆಯರು, ವಿದ್ಯಾಧರರು.

ಐಹೊಳೆಯ ದುರ್ಗದ ಗುಡಿಯ ಹಾರುವ ಜೋಡಿಗಳನ್ನು ನೋಡಿದವರಿಗೆ ಒಂದು ವಿಷಯ ಗಮನಕ್ಕೆ ಬಂದಿರಬಹುದು. ಅವರಿಗೆ ರೆಕ್ಕೆ ಇಲ್ಲ. ಆದರೂ ಹಾರುತ್ತಿದ್ದಾರೆ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ಹೇಗೆ? ಮಂಡಿ ಮಡಿಸಿ ಪಾದ ಹಿಂದಕ್ಕೆ ಹೋಗಿದೆ, ಮೈ ಮುಂದಕ್ಕೆ ಬಾಗಿದೆ, ಉತ್ತರೀಯದ ತುದಿ ಹಿಂದೆ ಹಾರುತ್ತಿದೆ. ನೀರಿನಲ್ಲಿ ಈಜುವವರ ಹಾಗೆ ಅವರು ಗಾಳಿಯಲ್ಲಿ ಈಜುತ್ತಿದ್ದಾರೆ. ಅಲ್ಲಿಂದ ಹೋದ ಒಂದು ಜೋಡಿ ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಗಂಧರ್ವರು ಬರೀ ಹಾಡುಗಾರರು ಎಂದುಕೊಂಡಿದ್ದರೆ ಬೃಹದಾರಣ್ಯಕ ಉಪನಿಷತ್ತಿನ ಒಂದು ಪ್ರಸಂಗ ಅಚ್ಚರಿ ತರಿಸುತ್ತದೆ. ಭುಜ್ಯು ಎಂಬವನು ಯಾಜ್ಞವಲ್ಕ್ಯನಿಗೆ ಹೇಳುತ್ತಾನೆ: ‘ನಾವು ಮದ್ರ ದೇಶದಲ್ಲಿ ತಿರುಗಾಡುತ್ತಾ ಪತಂಚಲನ ಮನೆಗೆ ಹೋಗಿದ್ದೆವು. ಅವನ ಮಗಳಿಗೆ ಗಂಧರ್ವ ಹಿಡಿದಿತ್ತು. ನೀನು ಯಾರು ಎಂದು ಕೇಳಿದೆವು. ಸುಧನ್ವ ಆಂಗೀರಸ ಎಂದ’. ಮೈಮೇಲೆ ಬಂದವರನ್ನು ‘ಯಾರು ನೀನು’ ಎಂದು ಕೇಳುವುದು, ಅದು ಹೆಸರು ಹೇಳುವುದು, ನಮ್ಮ ಹಳ್ಳಿಗಳಲ್ಲಿ ಈಗಲೂ ನಡೆಯುವ ಕ್ರಮ ಇದೇ. ಅಷ್ಟು ಹಳೆಯ ಪುಸ್ತಕದಲ್ಲಿ ಅದೇ ಮಾತುಕತೆ ಸಿಕ್ಕಾಗ ನಾನು ಎರಡು ಸಲ ಓದಿಕೊಂಡೆ.

ಮಕ್ಕಳ ಮೊಬೈಲ್ ಗೇಮುಗಳಲ್ಲಿ ಬರುವ ‘ಸಿಲ್ಫ್’ ಯುರೋಪಿನ ಗಾಳಿಯ ಒಕ್ಕಲು. ಈ ಹೆಸರು ಪ್ಯಾರಾಸೆಲ್ಸಸ್ (1493–1541) ಎಂಬ ಸ್ವಿಸ್ ವೈದ್ಯನಿಂದ ಬಂತು. ಮಣ್ಣು, ನೀರು, ಬೆಂಕಿ, ಗಾಳಿ ನಾಲ್ಕರಲ್ಲೂ ಒಂದೊಂದು ಜಾತಿಯ ಜನ ಇದ್ದಾರೆ ಎಂದು ಅವನು ಬರೆದ. ಅವನು ಸತ್ತ ಮೇಲೆ, 1566ರಲ್ಲಿ, ಆ ಬರಹ ಅಚ್ಚಾಯಿತು. ಮೀನಿಗೆ ನೀರು ಹೇಗೋ ಹಾಗೆ ಅವರವರಿಗೆ ಅವರವರ ಜಾಗ. ಅವರು ಉಣ್ಣುತ್ತಾರೆ, ಮಾತಾಡುತ್ತಾರೆ, ಸಾಯುತ್ತಾರೆ, ಆದರೆ ಆತ್ಮ ಮಾತ್ರ ಇಲ್ಲ ಎಂದ. ಅವನ ಸಿಲ್ಫ್‌ಗಳು ಮನುಷ್ಯರಿಗಿಂತ ಉದ್ದ, ಒರಟು, ಗಟ್ಟಿಮುಟ್ಟು. ಗೇಮಿನಲ್ಲಿ ಕಾಣುವ ನಾಜೂಕು ರೆಕ್ಕೆಯ ಹುಡುಗಿ ಆಮೇಲೆ ಕವಿಗಳು ಮತ್ತು 1832ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಒಂದು ಬ್ಯಾಲೆ ನೃತ್ಯ ಕೊಟ್ಟ ರೂಪ.

ಬಾಣಂತಿಯ ಕಿವಿಯ ಹತ್ತಿ

ತಂಗಿಗೆ ಈ ಹುಡುಗ ಹುಟ್ಟಿದ್ದು ಮೇ ತಿಂಗಳಲ್ಲಿ. ಅಂಥ ಸೆಕೆಯಲ್ಲೂ ಅವಳ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕೋಣೆಯ ಕಿಟಕಿ ಬಂದ್. ಕೂಸಿನ ಕೈಗೆ ಬಜೆಯ ಬಳೆ, ಕೆನ್ನೆಗೆ ಕಪ್ಪು ಬೊಟ್ಟು, ಸಂಜೆ ಸಾಂಬ್ರಾಣಿ ಹೊಗೆ. ತಲೆದಿಂಬಿನ ಕೆಳಗೆ ಒಂದು ಚಾಕು. ಕೇಳಿದರೆ ‘ಗಾಳಿ ಹೊಗಬಾರದು’ ಎಂದು ಒಂದೇ ಉತ್ತರ. ಆ ಉತ್ತರದಲ್ಲಿ ಶೀತದ ಗಾಳಿಯೂ ಇತ್ತು, ಇನ್ನೊಂದು ಗಾಳಿಯೂ ಇತ್ತು. ಎರಡನ್ನೂ ಅಮ್ಮ ಬೇರೆ ಮಾಡಿ ನೋಡಲಿಲ್ಲ.

ಇದೇ ಭಯ ಸುಮಾರು 2,700 ವರ್ಷದ ಹಿಂದೆ ಈಗಿನ ಇರಾಕ್‌ನಲ್ಲಿದ್ದ ಅಸ್ಸೀರಿಯಾ, ಬ್ಯಾಬಿಲೋನಿಯಾದ ತಾಯಂದಿರಿಗೂ ಇತ್ತು. ಬಸುರಿ, ಬಾಣಂತಿ, ಹಸುಗೂಸುಗಳ ಮೇಲೆ ಕಣ್ಣಿಡುವ ಲಮಶ್ತು ಎಂಬ ಕ್ರೂರಿಯ ಬಗ್ಗೆ ಅವರು ಹೆದರುತ್ತಿದ್ದರು. ಅವಳನ್ನು ಓಡಿಸಲು ಕರೆದದ್ದು ಯಾರನ್ನು? ಕೆಟ್ಟ ಗಾಳಿಗಳ ರಾಜ ಪಜೂಜುವನ್ನು.

ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಅವನದೊಂದು ಕಂಚಿನ ಬೊಂಬೆ ಇದೆ. ಸುಮಾರು 15 ಸೆಂಟಿಮೀಟರ್, ಒಂದು ಗೇಣಿಗಿಂತ ಚಿಕ್ಕದು. ನಾಲ್ಕು ರೆಕ್ಕೆ, ಹದ್ದಿನ ಪಾದ, ಚೇಳಿನ ಬಾಲ, ಹಲ್ಲು ಕಿರಿದ ಮುಖ. ತಲೆಯ ಮೇಲೆ ಒಂದು ಬಳೆ, ನೇತುಹಾಕಲು. ಬೆನ್ನ ಮೇಲೆ ‘ನಾನು ಪಜೂಜು, ದುಷ್ಟ ಗಾಳಿಗಳ ರಾಜ’ ಎನ್ನುವ ಅರ್ಥದ ಬರಹ. ಇವನ ತಲೆಯ ಪುಟ್ಟ ತಾಯತಗಳನ್ನು ಹೆಂಗಸರು ಹಾಕಿಕೊಳ್ಳುತ್ತಿದ್ದರು.

ಕೆಟ್ಟವನನ್ನೇ ಕಾವಲಿಗೆ ನಿಲ್ಲಿಸುವುದು ವಿಚಿತ್ರ ಅನಿಸಿತಾ? ನಮ್ಮಲ್ಲಿ ಹೊಸ ಮನೆ ಕಟ್ಟುವಾಗ ಮುಂದೆ ಏನು ಕಟ್ಟುತ್ತಾರೆ ನೆನಪಿಸಿಕೊಳ್ಳಿ. ಕೋರೆಹಲ್ಲು, ಹೊರಚಾಚಿದ ನಾಲಗೆ, ದೊಡ್ಡ ಮೀಸೆಯ ರಾಕ್ಷಸನ ಮುಖ. ಆ ದೃಷ್ಟಿಬೊಂಬೆ ಮಾಡುವ ಕೆಲಸ ಮತ್ತು ಪಜೂಜು ಮಾಡುತ್ತಿದ್ದ ಕೆಲಸ ಒಂದೇ.

ಕಾಯಿಲೆಗೆ ಗಾಳಿಯ ಹೆಸರು

ಕೀಟಾಣು ಕಣ್ಣಿಗೆ ಕಾಣದು. ಗಾಳಿಯೂ ಕಾಣದು. ಹಾಗಾಗಿ ಕಾರಣ ತಿಳಿಯದ ಕಾಯಿಲೆಯನ್ನು ಗಾಳಿಯ ಮೇಲೆ ಹಾಕುವುದು ಎಲ್ಲ ಕಡೆಯೂ ನಡೆಯಿತು. ‘ಮಲೇರಿಯಾ’ ಎಂಬ ಪದವೇ ಇಟಲಿಯ ಭಾಷೆಯಲ್ಲಿ ‘ಕೆಟ್ಟ ಗಾಳಿ’ ಎಂದು. ಜೌಗು ನೆಲದ ಗಾಳಿ ಕುಡಿದರೆ ಜ್ವರ ಬರುತ್ತದೆ ಎಂದು ನಂಬಿದ್ದರು. 1880ರಲ್ಲಿ ಫ್ರಾನ್ಸಿನ ವೈದ್ಯ ಲ್ಯಾವೆರಾನ್ ರೋಗಿಯ ರಕ್ತದಲ್ಲಿ ಪರಾವಲಂಬಿಯನ್ನು ಕಂಡರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. ಹಳಬರು ಜಾಗ ಸರಿಯಾಗೇ ಗುರುತಿಸಿದ್ದರು, ಜೌಗಿನ ಪಕ್ಕ ಇದ್ದರೆ ಜ್ವರ. ಅಲ್ಲಿ ಹಾರುತ್ತಿದ್ದದ್ದು ಮಾತ್ರ ಬೇರೆ.

ನಮ್ಮ ‘ಪಾರ್ಶ್ವವಾಯು’ವಿನಲ್ಲೂ ಗಾಳಿ ಇದೆ. ಮೈಯ ಒಂದು ಪಾರ್ಶ್ವಕ್ಕೆ ಬಡಿದ ವಾಯು. ಚೀನೀ ಭಾಷೆಯಲ್ಲಿ ಇದೇ ಕಾಯಿಲೆಯ ಹೆಸರಿನ ಅರ್ಥವೂ ‘ಗಾಳಿ ಬಡಿದದ್ದು’. ನಡೆದಾಡುತ್ತಿದ್ದವನು ಇದ್ದಕ್ಕಿದ್ದಂತೆ ಬಿದ್ದರೆ, ಏನೋ ಕಾಣದ್ದು ಬಂದು ಹೊಡೆಯಿತು ಎಂದು ಎರಡೂ ಕಡೆಯವರಿಗೂ ಅನಿಸಿದೆ. ಈಗ ನಮಗೆ ಗೊತ್ತು, ಅದು ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಇಲ್ಲವೇ ಒಡೆಯುವುದು. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಅಲ್ಲಿ ಲೆಕ್ಕ ಇರುವುದು ಗಂಟೆಗಳದ್ದು.

‘ಗಾಳಿ ಸೋಕಿದೆ’ ಎಂಬ ಮಾತಿನ ಹಿಂದೆ ಏನೇನು ಅಡಗಿರುತ್ತದೆ ಎಂದೂ ನೋಡಬೇಕು. ಹೆರಿಗೆಯಾದ ಮೇಲೆ ಸದಾ ಅಳುವವಳು, ಫಿಟ್ಸ್ ಬಂದು ಬೀಳುವ ಹುಡುಗ, ಯಾರ ಜೊತೆಗೂ ಸೇರದೆ ತನ್ನಷ್ಟಕ್ಕೆ ಮಾತಾಡುವ ಯುವಕ, ಎಲ್ಲರಿಗೂ ಹಿಂದೆ ಇದೊಂದೇ ಹೆಸರಿತ್ತು. ಬೇವಿನ ಸೊಪ್ಪು ಇಳಿ ತೆಗೆದು, ಉಪ್ಪು ಮೆಣಸಿನಕಾಯಿ ಒಲೆಗೆ ಹಾಕಿ, ಮನೆಮಂದಿಯೆಲ್ಲ ಸುತ್ತ ಕೂರುತ್ತಿದ್ದರು. ಆ ಕೂರುವುದರಲ್ಲಿ ಅಕ್ಕರೆ ಇತ್ತು. ಆದರೆ ಬಿಡಿಸುತ್ತೇನೆ ಎಂದು ಬಂದವರು ಕೋಲಿನಿಂದ ಹೊಡೆದದ್ದು, ಕಟ್ಟಿಹಾಕಿದ್ದೂ ಇದೆ. ಕರ್ನಾಟಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದು 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾನೂನಿನ ಪ್ರಕಾರ ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದು ಅಪರಾಧ. ಮನಸ್ಸಿನ ತೊಂದರೆಗೆ 14416 ಎಂಬ ಟೆಲಿ ಮಾನಸ್ ಸಹಾಯವಾಣಿ ಇದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಬೆನ್ನೆಲುಬು. ಗುಡಿಗೆ ಹೋಗುವವರು ಹೋಗಲಿ, ಜೊತೆಗೆ ಈ ನಂಬರನ್ನೂ ಬರೆದಿಟ್ಟುಕೊಳ್ಳಿ.

ಸರಿ, ಆ ಮೈದಾನದಲ್ಲಿ ಸುತ್ತಿದ್ದು ಏನು?

ಸುಂಟರಗಾಳಿಯಲ್ಲಿ ಯಾರೋ ಇದ್ದಾರೆ ಎನ್ನದ ಜನವೇ ಕಡಿಮೆ. ಅರಬ್ಬರ ಮರುಭೂಮಿಯಲ್ಲಿ ಅದು ಜಿನ್ನ್ ಹೋಗುವ ದಾರಿ. ಐರ್ಲೆಂಡಿನ ಹಳ್ಳಿಗರು ಹುಲ್ಲು, ಎಲೆ ಸುತ್ತಿಕೊಂಡು ಗಾಳಿ ಹೋದರೆ ಯಕ್ಷಿಣಿಯರು ಹೊರಟಿದ್ದಾರೆ ಎಂದು ಟೋಪಿ ತೆಗೆದು ನಿಲ್ಲುತ್ತಿದ್ದರು. ರಷ್ಯಾದ ಕಡೆ ಅದರೊಳಗೆ ಚಾಕು ಎಸೆದರೆ ರಕ್ತ ಅಂಟಿರುತ್ತದೆ ಎಂದರು. ಅಮೆರಿಕದ ನವಾಹೊ ಜನ ಅದು ಯಾವ ಕಡೆ ಸುತ್ತುತ್ತದೆ ಎಂದು ನೋಡಿ ಒಳ್ಳೆಯದೋ ಕೆಟ್ಟದ್ದೋ ಎನ್ನುತ್ತಿದ್ದರು. ನಮ್ಮಲ್ಲಿ ಥೂ ಥೂ ಎಂದು ಉಗಿಯುತ್ತೇವೆ.

ಆಗುವುದು ಹೀಗೆ. ಬಿಸಿಲಿಗೆ ನೆಲ ಕಾಯುತ್ತದೆ. ನೆಲಕ್ಕೆ ಅಂಟಿದ ಗಾಳಿ ಬಿಸಿಯಾಗಿ ಹಗುರವಾಗುತ್ತದೆ, ಒಂದು ಕಡೆ ಸರ್ರನೆ ಮೇಲೇಳುತ್ತದೆ. ಖಾಲಿಯಾದ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಅದರಲ್ಲಿ ಮೊದಲೇ ಸ್ವಲ್ಪ ಸುತ್ತು ಇದ್ದರೆ, ಒಳಗೆ ಬಂದ ಹಾಗೆ ಅದು ಜೋರಾಗುತ್ತದೆ. ತಿರುಗುವ ಕುರ್ಚಿಯಲ್ಲಿ ಕೈ ಚಾಚಿ ಕೂತು ಸುತ್ತಿ, ಆಮೇಲೆ ಕೈ ಎದೆಗೆ ತಂದುಕೊಳ್ಳಿ. ಕುರ್ಚಿ ಇನ್ನೂ ಜೋರಾಗಿ ತಿರುಗುತ್ತದೆ. ಇಲ್ಲೂ ಅಷ್ಟೇ. ದೊಡ್ಡ ಸುಂಟರಗಾಳಿ, ಮನೆ ಕಿತ್ತುಹಾಕುವಂಥದ್ದು, ಗುಡುಗಿನ ಮೋಡದಿಂದ ಕೆಳಗೆ ಇಳಿಯುತ್ತದೆ. ಇದು ಶುಭ್ರ ಆಕಾಶದ ಕೆಳಗೆ ನೆಲದಿಂದ ಮೇಲೇಳುತ್ತದೆ, ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಲ್ಲವಾಗುತ್ತದೆ. ಎಡಕ್ಕೋ ಬಲಕ್ಕೋ ಎಂಬುದಕ್ಕೆ ನಿಯಮವಿಲ್ಲ.

ಮಧ್ಯಾಹ್ನದ ಹೊತ್ತು, ಬಟಾಬಯಲಿನಲ್ಲಿ ಒಬ್ಬರೇ ತಿರುಗಬೇಡಿ, ಗಾಳಿ ಇರುತ್ತೆ ಎಂದು ಅಜ್ಜಿಯರು ಹೇಳುತ್ತಿದ್ದರು. ಹೊತ್ತೂ ಜಾಗವೂ ಎರಡೂ ಸರಿಯಾಗಿವೆ.

ಹುಡುಗ ಎಲ್ಲ ಕೇಳಿ, ‘ಬೇರೆ ಗ್ರಹದಲ್ಲೂ ಬರುತ್ತಾ?’ ಎಂದ. ಮಂಗಳ ಗ್ರಹದಲ್ಲಿ ಬೇಕಾದಷ್ಟು ಬರುತ್ತದೆ. 2021ರಲ್ಲಿ ಅಲ್ಲಿದ್ದ ನಾಸಾದ ಪರ್ಸಿವಿಯರೆನ್ಸ್ ರೋವರ್ ಮೇಲೆ ಹಾದುಹೋದ ಸುಂಟರಗಾಳಿ ಸುಮಾರು 25 ಮೀಟರ್ ಅಗಲ, ನೂರು ಮೀಟರಿಗೂ ಜಾಸ್ತಿ ಎತ್ತರ ಇತ್ತು. ಆಗ ಅದರ ಮೈಕ್ ಆನ್ ಆಗಿತ್ತು. ಮೊಬೈಲಿನಲ್ಲಿ ಹುಡುಕಿ ಹಾಕಿದೆ. ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಮೊದಲು ಗೊರ್ರ್ ಎನ್ನುವ ಸದ್ದು, ಧೂಳಿನ ಕಣಗಳು ಚಟಪಟ ಬಡಿಯುವುದು, ಆಮೇಲೆ ಒಂದೆರಡು ಕ್ಷಣ ಏನೂ ಇಲ್ಲ. ‘ನಿಂತೋಯ್ತು’ ಎಂದ. ‘ಇಲ್ಲ, ಈಗ ಅದರ ಹೊಟ್ಟೆಯೊಳಗೆ ಇದ್ದೀಯ’ ಎಂದೆ. ಮತ್ತೆ ಗೊರ್ರ್ ಎಂದಿತು. ಅವನು ಫೋನು ಕೊಡದೆ ಅಜ್ಜಿಯ ಹತ್ತಿರ ಓಡಿದ, ಅವರ ಕಿವಿಗೂ ಹಿಡಿಯಲು.